ಮಧ್ಯಾಹ್ನದವಳು

ಜನವರಿ ೧೪

ಗುಬ್ಬಿ,

ನಿನ್ನ ಹಡಗು ಈಗ ಯಾವ ನೀರಿನಲ್ಲಿದೆಯೋ. ಎಂದಿನಂತೆ ಕಂಪನಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ, ಯಾವುದಾದರೊಂದು ಬಂದರಿನಲ್ಲಿ ನಿನ್ನ ಕೈಸೇರಲಿ. ಹಡಗಿನ ಅಷ್ಟೂ ಜನರಿಗೆ ಬೇಯಿಸಿ ಹಾಕುವ ದಢೂತಿ ಅಡುಗೆಯವನನ್ನು ಗುಬ್ಬಿ ಎಂದು ಕರೆಯಲು ಈಗ ನಾನೊಬ್ಬಳೇ ಉಳಿದಿರುವುದು. ಆ ಹಕ್ಕನ್ನು ಬಿಟ್ಟುಕೊಡುವವಳಲ್ಲ.

ನಮ್ಮ ರಂಗಮಂದಿರದಲ್ಲಿ ಹೊಸ ನಾಟಕ ಶುರುವಾಗಿದೆ. ಒಬ್ಬ ರಾಜ, ಮೂವರು ಮಂತ್ರಿಗಳು, ಒಂದು ಹಿಂಡು ಸೈನಿಕರು. ಅವರೆಲ್ಲರ ಉಡುಪು ಹೊಲಿಯುವವಳು, ಹರಿದದ್ದಕ್ಕೆ ತೇಪೆ ಹಾಕುವವಳು, ಇಸ್ತ್ರಿ ಮಾಡಿ ಮೊಳೆಗೆ ನೇತುಹಾಕುವವಳು ನಾನೇ. ಕೆಲಸಕ್ಕೆ ಬೇಸರವಿಲ್ಲ. ಆದರೆ ನನ್ನ ಉಡುಪಿನ ಕೋಣೆ ಇರುವುದು ಮೇಲಿನ ಮಾಳಿಗೆಯಲ್ಲಿ. ಇಪ್ಪತ್ತು ವರ್ಷದಿಂದ ಹತ್ತಿ ಇಳಿದ ಮೆಟ್ಟಿಲುಗಳು ಈಚೆಗೆ ಯಾರೋ ಹೊಸದಾಗಿ ಸೇರಿಸಿದಂತೆ ಮುಗಿಯುವುದೇ ಇಲ್ಲ. ನಡುವೆ ನಿಂತು ಏದುಸಿರು ಬಿಡುತ್ತೇನೆ. ಹಾಗಾಗಿ ಮಧ್ಯಾಹ್ನ ಊಟಕ್ಕೆ ಕೆಳಗಿಳಿಯುವುದನ್ನೇ ಬಿಟ್ಟಿದ್ದೇನೆ. ಮೇಲೆಯೇ ಒಂದೆರಡು ಬಿಸ್ಕತ್ತು ತಿಂದರೆ ಆಯಿತು. ವಯಸ್ಸು, ಇನ್ನೇನು.

ಇನ್ನೊಂದು ವಿಷಯ. ಮಲಗಿ ಕಿವಿಯನ್ನು ದಿಂಬಿಗೆ ಒತ್ತಿದರೆ ಹುಶ್, ಹುಶ್ ಎಂದು ಅಲೆಯ ಸದ್ದು ಕೇಳುತ್ತದೆ. ನಮ್ಮೂರಿಗೆ ಸಮುದ್ರವೇ ಇಲ್ಲ. ನಿನ್ನ ಸಮುದ್ರವೇ ನನ್ನ ಕಿವಿಯವರೆಗೆ ಬಂದಿರಬೇಕು ಅಂದುಕೊಂಡು ನಿದ್ದೆ ಹೋಗುತ್ತೇನೆ.

ಡಾಕ್ಟರು ಮೂರು ತಿಂಗಳ ಸರಾಸರಿ ಹೇಳುವ ಸಕ್ಕರೆ ಪರೀಕ್ಷೆ ಮಾಡಿಸಿ ಮುಖ ಸಿಂಡರಿಸಿದರು, ಏರಿದೆಯಂತೆ. ಬೆಳಗಿನ ಸಕ್ಕರೆ ಮಾತ್ರೆಯನ್ನು ಒಂದರಿಂದ ಎರಡಕ್ಕೆ ಏರಿಸಿದ್ದಾರೆ. ಸಿಹಿ ಮುಟ್ಟಿಲ್ಲ ಎಂದರೆ ಅವರು ನಂಬಲಿಲ್ಲ. ಮಂಡಿ ನೋವು ಏನೂ ಇಲ್ಲ, ಅದರ ಚಿಂತೆ ಬಿಡು.

ಕೋಣೆಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಸವೆಯುತ್ತಿದೆ. ಬರೆದು ಸವೆದದ್ದಲ್ಲ. ಯಾರೋ ಕಚ್ಚಿದ್ದಾರೆ. ತುಂಡಿನ ಮೇಲೆ ಹಲ್ಲಿನ ಗುರುತಿದೆ.

ನಿನ್ನ ಅಕ್ಕ

ಫೆಬ್ರವರಿ ೯

ಅಕ್ಕ,

ನಿನ್ನ ಕಾಗದ ಸಿಕ್ಕಿತು. ಒಲೆಯ ಪಕ್ಕದಲ್ಲಿ ನಿಂತು ಓದಿ ಒಂದು ಪಾತ್ರೆ ಬೇಳೆ ಸೀಯಿಸಿದೆ. ಯಾರೂ ಬಯ್ಯಲಿಲ್ಲ, ಎಲ್ಲರಿಗೂ ವಾಂತಿ. ಸಮುದ್ರ ಹಾಗಿತ್ತು.

ನನ್ನ ಅಲೆ ನಿನ್ನ ಕಿವಿಗೆ ಬರುತ್ತದೆ ಎಂದದ್ದು ಓದಿ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಭಾವ ಹೋದಮೇಲೆ ನೀನು ಒಂಟಿ, ನಾನಿಲ್ಲಿ. ಬರುವ ವರ್ಷ ಕರಾರು ಮುಗಿಯುತ್ತದೆ, ಬಂದು ಬಿಡುತ್ತೇನೆ.

ಆದರೆ ಸಕ್ಕರೆಯ ವಿಷಯದಲ್ಲಿ ನಾನು ಡಾಕ್ಟರ ಕಡೆ. ಮಿಠಾಯಿ ಡಬ್ಬವನ್ನು ಬಟ್ಟೆ ಗಂಟಿನಲ್ಲಿ ಅಡಗಿಸಿಡುತ್ತಿದ್ದವಳು ಯಾರೆಂದು ನನಗೆ ಗೊತ್ತಿಲ್ಲವೇ? ಬಾಯಿ ಕಟ್ಟು. ರಾತ್ರಿ ಊಟ ಇನ್ನೂ ಸ್ವಲ್ಪ ಕಡಿಮೆ ಮಾಡು.

ಸೀಮೆಸುಣ್ಣ ತಿನ್ನುವುದು ಇಲಿ. ಇಲ್ಲವೆಂದರೆ ಸಂಬಳ ಸಾಲದ ನಟ ಯಾರೋ ಇರಬೇಕು. ನಮ್ಮ ಹಡಗಿನಲ್ಲೂ ಒಂದು ಕೋಣೆಗೆ ಯಾವಾಗಲೂ ಬೀಗ. ಒಳಗೆ ಯಾರೂ ಇಲ್ಲ, ಆದರೆ ಬೆಳಿಗ್ಗೆ ಹಾಸಿಗೆ ಸುಕ್ಕಾಗಿರುತ್ತದಂತೆ. ಹಳೇ ಕಟ್ಟಡಕ್ಕೂ ಹಳೇ ಹಡಗಿಗೂ ಇಂಥದ್ದೊಂದು ಇದ್ದೇ ಇರುತ್ತದೆ, ನಗುತ್ತಾ ಇರು.

ಗುಬ್ಬಿ

ಮಾರ್ಚ್ ೨

ಗುಬ್ಬಿ,

ಸಿಹಿ ತಿಂದಿಲ್ಲ ಎಂದರೆ ತಿಂದಿಲ್ಲ. ನೀನಾದರೂ ನಂಬುತ್ತೀಯ ಅಂದುಕೊಂಡಿದ್ದೆ. ಇರಲಿ. ನೀನು ಹೇಳಿದಂತೆ ರಾತ್ರಿಯ ಊಟವನ್ನೂ ಕಡಿಮೆ ಮಾಡಿದ್ದೇನೆ. ಹೇಗೂ ಹಸಿವಿಲ್ಲ.

ಈ ಕಾಗದವನ್ನು ನಗದೆ ಓದು. ಇಲ್ಲಿ ಯಾರಿಗೂ ಹೇಳಿಲ್ಲ.

ಹೋದ ಶನಿವಾರ ರಾಜನ ಪಾತ್ರದವನು ಪರದೆಯ ಹಿಂದೆ ನಿಂತು ಕೋಟು ತೊಟ್ಟ. ಬಲಗೈ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ತೋಳಿನ ಬಾಯಿ ಹೊಲಿದುಹೋಗಿತ್ತು. ಅವನ ಸರದಿ ಬಂದೇಬಿಟ್ಟಿತು. ಚೀಲದಲ್ಲಿ ಕೈ ಸಿಕ್ಕಿಕೊಂಡವನಂತೆ ರಂಗಕ್ಕೆ ಹೋದ, ಜನ ಅದನ್ನೂ ನಾಟಕವೆಂದೇ ತಿಳಿದು ಚಪ್ಪಾಳೆ ಹೊಡೆದರು. ಆಮೇಲೆ ನನ್ನ ಮೇಲೆ ಕೋಪದಿಂದ ಕುಣಿದಾಡಿಬಿಟ್ಟ. ನಾನು ಕೋಟನ್ನು ದೀಪಕ್ಕೆ ಹಿಡಿದು ನೋಡಿದೆ. ಹೊಲಿಗೆ ಒತ್ತೊತ್ತಾಗಿ, ಸಣ್ಣದಾಗಿ, ಅಷ್ಟು ಚೆನ್ನಾಗಿತ್ತು. ಕೊನೆಯಲ್ಲಿ ದಾರವನ್ನು ಎರಡು ಸಲ ತಿರುಗಿಸಿ ಗಂಟು ಹಾಕಿತ್ತು. ಆ ಗಂಟು ನನ್ನದು. ಅಮ್ಮ ನನಗೆ ಕಲಿಸಿದ್ದು, ಇಲ್ಲಿ ಬೇರೆ ಯಾರಿಗೂ ಬರುವುದಿಲ್ಲ.

ನಾನು ಹೊಲಿದಿಲ್ಲ, ಗುಬ್ಬಿ.

ಊಟದ ಹೊತ್ತಿಗೆ ಸೂಜಿಗೆ ದಾರ ಪೋಣಿಸಲು ಕೂರುತ್ತೇನೆ. ಕೈ ನಡುಗುತ್ತದೆ, ಬೆವರುತ್ತೇನೆ. ಇನ್ನೇನು ಪೋಣಿಸಿದೆ ಎನ್ನುವಷ್ಟರಲ್ಲಿ ಕೆಳಗೆ ಸಂಜೆಯ ದೀಪ ಹಾಕುವ ಸದ್ದು ಕೇಳುತ್ತದೆ. ನಡುವಿನ ಹೊತ್ತು ಎಲ್ಲಿಗೆ ಹೋಯಿತು? ಯಾರೋ ಕತ್ತರಿಯಲ್ಲಿ ಕತ್ತರಿಸಿ ತೆಗೆದು ಎರಡು ತುದಿಗಳನ್ನು ಜೋಡಿಸಿ ಹೊಲಿದ ಹಾಗೆ. ಆ ಹೊತ್ತಿನಲ್ಲಿ ಕೆಲಸ ಮಾತ್ರ ನಡೆದಿರುತ್ತದೆ. ಮೊನ್ನೆ ಸೈನಿಕನ ಅಂಗಿಯ ಗುಂಡಿಗಳನ್ನೆಲ್ಲ ಒಳಮೈಗೆ ಹೊಲಿದಿತ್ತು.

ಮಂಗಳವಾರ ಅವಳನ್ನು ನೋಡಿದೆ. ನನ್ನ ಕೋಣೆಯಲ್ಲಿ ನಟರು ನೋಡಿಕೊಳ್ಳುವ ನಿಲುಗನ್ನಡಿ ಇದೆಯಲ್ಲ, ಅದರಲ್ಲಿ. ಹಿಟ್ಟು ಬಳಿದಂಥ ಮುಖ. ತುಟಿ ಇದ್ದ ಕಡೆ ತುಟಿಯೇ ಇಲ್ಲವೇನೋ ಎನ್ನಿಸುವಂತೆ ಅದೂ ಬಿಳಿ. ಬಾಯಲ್ಲಿ ಏನನ್ನೋ ಮೆಲ್ಲುತ್ತಿದ್ದಳು. ನನ್ನನ್ನು ನೋಡಿ ಇವಳ್ಯಾರು ಎನ್ನುವಂತೆ ಹುಬ್ಬು ಗಂಟಿಕ್ಕಿದಳು.

ನಾನು ತಿರುಗಿ ನೋಡಿದೆ. ಹಿಂದೆ ಬಟ್ಟೆಗಳು ನೇತಾಡುತ್ತಿದ್ದವು, ಅಷ್ಟೇ.

ಅಕ್ಕ

ಮಾರ್ಚ್ ೨೭

ಅಕ್ಕ,

ಕಾಗದವನ್ನು ಮೂರು ಸಲ ಓದಿದೆ. ನಗು ಬರಲಿಲ್ಲ.

ಇಂಜಿನ್ ಕೋಣೆಯಲ್ಲಿ ಕೆಲಸ ಮಾಡುವ ಮುದುಕ ಒಬ್ಬನಿದ್ದಾನೆ, ಇಂಥದ್ದನ್ನೆಲ್ಲ ಬಲ್ಲವನು. ಯಾರ ವಿಷಯ ಎಂದು ಹೇಳದೆ ಕೇಳಿದೆ. ಅವನು ಕೈಯ ಎಣ್ಣೆ ಒರೆಸಿಕೊಂಡ. ಆಮೇಲೆ, ‘ಬಂದವಳು ಇವಳ ಕೆಲಸ ಕಲ್ತಿದಾಳೆ. ಇನ್ನು ಇವಳ ಜಾಗ ಕೇಳ್ತಾಳೆ’ ಅಂದ. ಇದನ್ನು ನಿನಗೆ ಬರೆಯಬಾರದಿತ್ತು. ಬರೆದದ್ದಾಯಿತು, ಹೊಡೆದುಹಾಕಿದರೂ ನೀನು ಬೆಳಕಿಗೆ ಹಿಡಿದು ಓದುತ್ತೀಯ.

ನಾನು ಹೇಳಿದಂತೆ ಮಾಡು. ಕನ್ನಡಿಗೆ ಬಟ್ಟೆ ಮುಚ್ಚು. ಮಧ್ಯಾಹ್ನವಾಗುತ್ತಿದ್ದಂತೆ ಬಾಗಿಲಿಗೆ ಒಳಗಿಂದ ಚಿಲಕ ಹಾಕಿಕೋ, ಸಂಜೆಯವರೆಗೆ ಯಾರು ಕರೆದರೂ ತೆಗೆಯಬೇಡ. ಅವಳು ಬರುವುದು ಬಾಗಿಲಿನಿಂದಲೇ ಆಗಿದ್ದರೆ ನಿಲ್ಲುತ್ತದೆ. ಕಳ್ಳರಾಗಿದ್ದರೂ ನಿಲ್ಲುತ್ತದೆ. ಅಲ್ಲಿ ಯಾರಿಗೂ ಹೇಳಲು ಹೋಗಬೇಡ, ತಲೆ ಕೆಟ್ಟಿದೆ ಎಂದು ಕೆಲಸದಿಂದ ತೆಗೆದಾರು. ಡಾಕ್ಟರಿಗಂತೂ ಬೇಡವೇ ಬೇಡ. ಸಿಹಿ ಮುಟ್ಟಿಲ್ಲ ಎಂದದ್ದನ್ನೇ ನಂಬದವರು ಇದನ್ನು ನಂಬುತ್ತಾರೆಯೇ?

ಕಿವಿಯ ಸದ್ದು ಇನ್ನೂ ಇದೆಯಾ?

ಗುಬ್ಬಿ

ಏಪ್ರಿಲ್ ೧೯

ಗುಬ್ಬಿ,

ಸದ್ದಿಗೆ ಈಗ ದಿಂಬು ಬೇಡ. ನಿಂತಾಗಲೂ ಕೇಳುತ್ತದೆ. ನನ್ನ ಎದೆ ಹೊಡೆದುಕೊಳ್ಳುವ ಲೆಕ್ಕಕ್ಕೇ ಅದೂ ಬರುತ್ತದೆ.

ನೀನು ಹೇಳಿದ್ದೆಲ್ಲ ಮಾಡಿದೆ. ಕನ್ನಡಿಗೆ ಹಳೆಯ ಪರದೆ ಹೊದಿಸಿದೆ. ಚಿಲಕ ಹಾಕಿ ಅದಕ್ಕೊಂದು ದಾರ ಸುತ್ತಿ ನನ್ನ ಗಂಟು ಹಾಕಿದೆ. ಮೂರು ದಿನ ಏನೂ ಆಗಲಿಲ್ಲ. ಅಬ್ಬಾ, ನನ್ನ ತಮ್ಮ ಬುದ್ಧಿವಂತ ಅಂದುಕೊಂಡೆ.

ನಾಲ್ಕನೆಯ ದಿನ ಮತ್ತೆ ಹೊತ್ತು ಕತ್ತರಿಸಿಹೋಯಿತು. ಎಚ್ಚರವಾದಾಗ ನೆಲದ ಮೇಲೆ ಕೂತಿದ್ದೆ, ಸೆರಗೆಲ್ಲ ಬೆವರಿನಿಂದ ಒದ್ದೆ. ಮೇಜಿನ ಮೇಲೆ ಒಂದು ಬಿಳಿಯ ನಿಲುವಂಗಿ ಮಡಿಸಿಟ್ಟಿತ್ತು. ಕೋಟಿಗೆ ಒಳಗೆ ಕೊಡುವ ಅಸ್ತರಿನ ಬಟ್ಟೆಯದು. ಬಿಡಿಸಿ ನೋಡಿದೆ. ತೋಳುಗಳ ಬಾಯಿ ಮುಚ್ಚಿದೆ. ಕೊರಳೂ ಮುಚ್ಚಿದೆ. ತಲೆ ತೂರಿಸಲು ಜಾಗವೇ ಇಲ್ಲ. ಟೇಪು ಹಿಡಿದು ಭುಜ, ಎದೆ, ಉದ್ದ ಎಲ್ಲ ಅಳೆದೆ. ನನ್ನ ಅಳತೆ.

ಚಿಲಕ ಹಾಕಿದಂತೆಯೇ ಇತ್ತು. ದಾರ ಸುತ್ತಿದಂತೆಯೇ ಇತ್ತು. ಕಿಟಕಿಗೆ ಸರಳಿದೆ.

ಅಂದರೆ ಅವಳು ಹೊರಗಿಂದ ಬರುತ್ತಿರಲಿಲ್ಲ.

ಇನ್ನೂ ಕೇಳು. ಆ ಕಚ್ಚಿದ ಸೀಮೆಸುಣ್ಣದ ತುಂಡುಗಳನ್ನು ಕೂಡಿಟ್ಟಿದ್ದೆ. ಹಲ್ಲಿನ ಗುರುತಿನಲ್ಲಿ ಒಂದು ಮೂಲೆ ಖಾಲಿ ಇದೆ. ನನ್ನ ಮುಂದಿನ ಹಲ್ಲಿನ ಮೂಲೆ ಒಡೆದಿರುವುದು ನಿನಗೆ ಗೊತ್ತು. ಹೊಸ ತುಂಡೊಂದನ್ನು ಬೇಕೆಂದೇ ಕಚ್ಚಿ ಪಕ್ಕಕ್ಕಿಟ್ಟು ನೋಡಿದೆ. ಎರಡೂ ಒಂದೇ.

ನಿಜ ಹೇಳಲಾ? ಆ ಕಚ್ಚಿದ ತುಂಡನ್ನು ಉಗುಳಬೇಕಿತ್ತು. ಉಗುಳಲಿಲ್ಲ. ಮಣ್ಣಿನ ವಾಸನೆ, ಆಹಾ ಅನ್ನಿಸಿತು.

ನಾಳೆಯೂ ಚಿಲಕ ಹಾಕುತ್ತೇನೆ. ಈಗ ಹಾಕುವುದು ಅವಳು ಹೊರಗೆ ಹೋಗಿ ಯಾರಿಗೂ ಏನೂ ಮಾಡದಿರಲಿ ಎಂದು.

ಮೇ ೧೦

ಅಕ್ಕ,

ನೀನು ಈ ಸಲ ಹೆಸರು ಹಾಕಿಲ್ಲ. ಕಾಗದದ ಕೊನೆಯಲ್ಲಿ ‘ಅಕ್ಕ’ ಇಲ್ಲ. ಹಾಳೆ ತಿರುಗಿಸಿ ನೋಡಿದೆ, ಹಿಂದೆಯೂ ಇಲ್ಲ.

ಚಿಲಕ ತೆಗೆ. ದಯವಿಟ್ಟು ತೆಗೆ. ನಾನು ಹೇಳಿದ್ದು ತಪ್ಪು. ಬಾಗಿಲು ಹಾರುಹೊಡೆದಿಟ್ಟುಕೊಂಡು, ಯಾರನ್ನಾದರೂ ಜೊತೆಗೆ ಕೂರಿಸಿಕೋ. ಯಾರಾದರೂ ಆದೀತು.

ಅವಳು ಯಾರೇ ಆಗಿರಲಿ, ಚಿಲಕದ ಒಳಗೆ ನೀನಿದ್ದೀಯ.

ಗುಬ್ಬಿ

ಮೇ ೨೪

ಅಕ್ಕ,

ಬಂದರಿಗೆ ಬಂದೆವು. ಟಪಾಲಿನಲ್ಲಿ ನನ್ನದೇನೂ ಇರಲಿಲ್ಲ. ರಂಗಮಂದಿರಕ್ಕೆ ಫೋನು ಮಾಡಿದೆ. ಯಾರೋ ಎತ್ತಿದರು, ಹಿಂದೆ ಸುತ್ತಿಗೆಯ ಸದ್ದು. ಉಡುಪಿನ ಕೋಣೆಯ ಅಕ್ಕ ಇದ್ದಾರಾ ಎಂದೆ. ‘ಅವರು ಈಗ ಇಲ್ಲ’ ಎಂದರು. ಇಲ್ಲ ಎಂದರೆ ಏನು ಎಂದು ಕೇಳುವಷ್ಟರಲ್ಲಿ ಲೈನು ಹೋಯಿತು. ಮತ್ತೆ ಮಾಡಿದೆ, ಯಾರೂ ಎತ್ತಲಿಲ್ಲ. ನಾಲ್ಕು ಗಂಟೆಗೆ ಹಡಗು ಹೊರಟುಬಿಟ್ಟಿತು.

ಈಗ ಬೇಯಿಸುವುದು ನನ್ನ ಕೈ ಮಾತ್ರ. ಉಪ್ಪು ಎರಡು ಸಲ ಹಾಕಿದೆನಂತೆ.

ಒಂದೇ ಒಂದು ಸಾಲು ಬರೆ.

ಗುಬ್ಬಿ

ಜೂನ್ ೩

ಗುಬ್ಬಿ,

ಅಕ್ಕನೇ ಬರೆಯುತ್ತಿರುವುದು. ಮೊದಲು ಉಸಿರು ಬಿಡು. ನಿನ್ನ ಎರಡು ಕಾಗದಗಳೂ ಒಟ್ಟಿಗೆ ಸಿಕ್ಕವು. ನಾನು ಮೂರು ವಾರ ಆಸ್ಪತ್ರೆಯಲ್ಲಿದ್ದೆ, ಮೊನ್ನೆ ಮನೆಗೆ ಬಂದೆ.

ಆಸ್ಪತ್ರೆ ಸೇರಿದ ದಿನದ್ದು ನನಗೆ ನೆನಪಿರುವುದು ಚಿಲಕಕ್ಕೆ ದಾರ ಸುತ್ತಿದ್ದು ಮಾತ್ರ. ಉಳಿದದ್ದು ಬಾಗಿಲ ಮಾಮ ಹೇಳಿದ್ದು. ಬೀದಿ ಬಾಗಿಲು ಕಾಯುವ ಮುದುಕನನ್ನು ನಾವೆಲ್ಲ ಕರೆಯುವುದು ಹಾಗೆ. ಅವನು ಮೆಟ್ಟಿಲ ಕೆಳಗೆ ಕೂತಿದ್ದಾಗ ಮೇಲೆ ಏನೋ ಧೊಪ್ಪನೆ ಬಿತ್ತು. ಹತ್ತಿ ಬಂದು ಕರೆದ, ಉತ್ತರವಿಲ್ಲ. ರಂಗದ ಬಡಗಿಯನ್ನು ಕರೆಸಿ ಬಾಗಿಲಿನ ಹಲಗೆ ಒಡೆಸಿದ. ನೀನು ಫೋನಿನಲ್ಲಿ ಕೇಳಿದ್ದು ಆ ಬಾಗಿಲನ್ನು ರಿಪೇರಿ ಮಾಡುವ ಸುತ್ತಿಗೆಯಂತೆ. ನಾನು ನೆಲದ ಮೇಲೆ ಬಿದ್ದು, ಫಿಟ್ಸ್ ಬಂದವರಂತೆ ಕೈಕಾಲು ಸೆಟೆದುಕೊಂಡಿದ್ದೆನಂತೆ.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಮೂವತ್ತೊಂದು. ಏರಿದ್ದಲ್ಲ, ಪಾತಾಳಕ್ಕೆ ಇಳಿದಿತ್ತು. ನರಕ್ಕೆ ಗ್ಲೂಕೋಸು ಕೊಟ್ಟಮೇಲೆ ಕಣ್ಣು ಬಿಟ್ಟೆ. ಅಲ್ಲಿನ ಡಾಕ್ಟರಮ್ಮ ನನ್ನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದರು. ಉಗುರು ನೋಡಿದರು, ಚಮಚದ ಹಾಗೆ ಗುಳಿಬಿದ್ದಿತ್ತು. ಆಮೇಲೆ, ‘ಮೆಟ್ಟಿಲು ಹತ್ತೋವಾಗ ಏನಾಗುತ್ತೆ?’ ಎಂದು ಕೇಳಿದರು. ಯಾರೂ ಕೇಳಿರಲಿಲ್ಲ. ಅಲ್ಲಿಂದ ಎಲ್ಲ ಹೇಳಿಬಿಟ್ಟೆ, ಅವಳನ್ನೂ ಸೇರಿಸಿ.

ರಕ್ತದ ಹಿಮೋಗ್ಲೋಬಿನ್ ಆರಕ್ಕೆ ಇಳಿದಿದೆ, ಹನ್ನೆರಡಿರಬೇಕಿತ್ತು ಎಂದರು. ಕಬ್ಬಿಣದ ಅಂಶ ತಳ ಕಂಡಿದೆ. ತೆಳುವಾದ ರಕ್ತ ಜೋರಾಗಿ ಓಡುವಾಗ ಕಿವಿಯಲ್ಲಿ ಅಲೆಯ ಸದ್ದು ಬರುತ್ತದಂತೆ. ಕಬ್ಬಿಣ ಕಡಿಮೆಯಾದವರಿಗೆ ಮಣ್ಣು, ಸುಣ್ಣ, ಮಂಜುಗಡ್ಡೆ ತಿನ್ನುವ ಆಸೆ ಹುಟ್ಟುತ್ತದಂತೆ. ಇನ್ನು ಆ ಮೂರು ತಿಂಗಳ ಪರೀಕ್ಷೆ ನೋಡುವುದು ರಕ್ತದ ಕೆಂಪು ಕಣಗಳಿಗೆ ಅಂಟಿದ ಸಕ್ಕರೆಯನ್ನು. ಕಬ್ಬಿಣ ಇಲ್ಲದಾಗ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸಿ ಮೋಸಮಾಡುತ್ತದೆ. ಇಲ್ಲದ ಸಕ್ಕರೆಗೆ ನಾನು ಎರಡು ಮಾತ್ರೆ ನುಂಗುತ್ತಿದ್ದೆ. ಮೆಟ್ಟಿಲಿಗೆ ಹೆದರಿ ಊಟ ಬಿಟ್ಟಿದ್ದೆ. ಮೂತ್ರಪಿಂಡವೂ ಸ್ವಲ್ಪ ಸೋತಿರುವುದರಿಂದ ಮಾತ್ರೆ ಮೈಯಲ್ಲೇ ಉಳಿದುಬಿಡುತ್ತಿತ್ತು. ಮಧ್ಯಾಹ್ನ ಸಕ್ಕರೆ ಕುಸಿದು, ತಲೆ ಮಂಕಾಗಿ, ಅಭ್ಯಾಸವಿದ್ದ ಕೈ ಮಾತ್ರ ಹೊಲಿಯುತ್ತಿತ್ತು.

‘ಹಾಗಾದ್ರೆ ಅವಳು?’ ಎಂದೆ.

‘ಹಸಿದ ಮಿದುಳು ಏನು ಬೇಕಾದ್ರೂ ಮಾಡುತ್ತೆ, ಆಮೇಲೆ ನೆನಪೂ ಇರಲ್ಲ. ಯಾರು ಹೊಲಿದ್ರು ಅಂತ ಯೋಚಿಸೋ ಬದಲು ಆವತ್ತು ಏನು ತಿಂದಿದ್ರಿ ಹೇಳಿ’ ಎಂದರು.

ರಕ್ತ ಹೋದದ್ದೆಲ್ಲಿ ಎಂಬುದು ಮಾತ್ರ ನಾನು ನಿನಗೂ ಹಳೆಯ ಡಾಕ್ಟರಿಗೂ ಮುಚ್ಚಿಟ್ಟ ವಿಷಯದಲ್ಲಿತ್ತು. ಮಂಡಿ ನೋವು ಇಲ್ಲ ಎಂದು ಬರೆದಿದ್ದೆನಲ್ಲ? ದಿನಾ ಎರಡು ನೋವಿನ ಮಾತ್ರೆ ತಿಂದು ಇಲ್ಲ ಎನ್ನಿಸಿಕೊಳ್ಳುತ್ತಿದ್ದೆ. ಔಷಧಿ ಅಂಗಡಿಯಿಂದ ನಾನೇ ತರುತ್ತಿದ್ದೆ. ಮಲ ಡಾಂಬರಿನಂತೆ ಕಪ್ಪಾಗಿತ್ತು, ಅದನ್ನು ಯಾರ ಹತ್ತಿರ ಹೇಳುವುದು ಎಂದು ಸುಮ್ಮನಿದ್ದೆ. ಗಂಟಲಿನಿಂದ ನಳಿಕೆ ಇಳಿಸಿ ನೋಡಿದರೆ ಹೊಟ್ಟೆಯಲ್ಲಿ ಹುಣ್ಣು, ತಿಂಗಳುಗಟ್ಟಲೆ ಹನಿಹನಿಯಾಗಿ ಸೋರಿತ್ತು. ಆ ಮಾತ್ರೆಗಳು ಮೂತ್ರಪಿಂಡಕ್ಕೂ ಕೆಟ್ಟದ್ದಂತೆ. ಈಗ ಅದನ್ನು ಬಿಟ್ಟಿದ್ದೇನೆ. ಹುಣ್ಣಿಗೆ ಔಷಧಿ, ನರಕ್ಕೆ ಕಬ್ಬಿಣದ ಡ್ರಿಪ್ಪು. ಹಳೆಯ ಸಕ್ಕರೆ ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟಿದ್ದಾರೆ. ಸದ್ಯಕ್ಕೆ ಆ ಮೂರು ತಿಂಗಳ ಪರೀಕ್ಷೆಯನ್ನು ನಂಬುವಂತಿಲ್ಲ, ಬೆರಳು ಚುಚ್ಚಿಯೇ ನೋಡಬೇಕು. ಮೊದಲೆರಡು ದಿನ ಎರಡು ಬಾಟಲಿ ರಕ್ತವನ್ನೂ ಏರಿಸಿದರು. ಯಾರದೋ ಏನೋ. ತಣ್ಣಗೆ ತೋಳಿನಲ್ಲಿ ಏರುತ್ತಿದ್ದಾಗ ಕಣ್ಣುಮುಚ್ಚಿ, ಬಾ ತಾಯಿ, ಒಳಗೆ ಬಾ, ಎಂದೆ.

ಒಂದು ಮಾತನ್ನು ಡಾಕ್ಟರಮ್ಮನಿಗೆ ಹೇಳಲಿಲ್ಲ. ಬಾಗಿಲ ಮಾಮನನ್ನು, ‘ಇಷ್ಟು ತಿಂಗಳು ಮಧ್ಯಾಹ್ನ ನೀನ್ಯಾಕೆ ಒಂದು ಸಲವೂ ಮೇಲೆ ಬರಲಿಲ್ಲ?’ ಎಂದು ಕೇಳಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ‘ಬರ್ತಿದ್ದೆ ಅಮ್ಮಾ. ಬಾಗಿಲ ತನಕ ಬರ್ತಿದ್ದೆ. ಒಳಗೆ ನೀವಿಬ್ರೂ ಮಾತಾಡ್ತಿದ್ರಿ. ನೆಂಟರು ಬಂದಿದಾರೆ, ತೊಂದ್ರೆ ಕೊಡಬಾರದು ಅಂತ ಇಳಿದುಬಿಡ್ತಿದ್ದೆ’ ಎಂದ.

ಏನು ಮಾತಾಡುತ್ತಿದ್ದೆವು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಚಿಲಕದ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನು ಅರ್ಧ ಹೇಳಿದೆ, ನೀನು ಆ ಅರ್ಧಕ್ಕೆ ಉತ್ತರ ಬರೆದೆ. ನಮ್ಮ ಮನೆತನದಲ್ಲಿ ಸಕ್ಕರೆ ಇದೆ, ನೀನೂ ಐವತ್ತು ದಾಟಿದ್ದೀಯ. ಹಡಗಿನಲ್ಲಿ ಬೆರಳು ಚುಚ್ಚುವವರಿದ್ದರೆ ಚುಚ್ಚಿಸಿಕೊಂಡು ನನಗೆ ಬರೆ.

ಅಕ್ಕ, ಅಕ್ಕ, ಅಕ್ಕ (ಸಾಕಾ?)

ಜೂನ್ ೩೦

ಅಕ್ಕ,

ಸಾಕು. ಓದಿ ಉಗ್ರಾಣದಲ್ಲಿ ಮೂಟೆಗಳ ನಡುವೆ ಕೂತು ಅತ್ತೆ. ಈರುಳ್ಳಿ ಮೂಟೆ ಹತ್ತಿರವಿದ್ದದ್ದು ಒಳ್ಳೆಯದಾಯಿತು, ಯಾರೂ ಕೇಳಲಿಲ್ಲ.

ಇಂಜಿನ್ ಕೋಣೆಯ ಮುದುಕನಿಗೆ ನಿನ್ನ ಕಾಗದವನ್ನು ಓದಿ ಹೇಳಿದೆ. ಹುಣ್ಣಿನವರೆಗೆ ತಲೆಯಾಡಿಸಿದ. ಬಾಗಿಲ ಮಾಮ ಹೇಳಿದ ಮಾತು ಬಂದಾಗ ಎದ್ದು ಹೋದ.

ಔಷಧಿ ಪೆಟ್ಟಿಗೆ ನೋಡಿಕೊಳ್ಳುವ ಅಧಿಕಾರಿಯ ಹತ್ತಿರ ಬೆರಳು ಚುಚ್ಚಿಸಿಕೊಂಡೆ. ಎಲ್ಲ ಸರಿ ಇದೆ ಎಂದು ಬರೆಯಲು ಕೂತೆ. ಆ ಹಾಳೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಇನ್ನೂರ ನಲವತ್ತು, ಬರಿ ಹೊಟ್ಟೆಯಲ್ಲಿ. ಇಲ್ಲಿ ಆ ಅಧಿಕಾರಿ ಒಬ್ಬನಿಗೆ ಗೊತ್ತು. ಈಗ ನಿನಗೆ ಗೊತ್ತು. ಮುಂದಿನ ಬಂದರಿನಲ್ಲಿ ಡಾಕ್ಟರಿಗೆ ತೋರಿಸಲು ರಜೆ ಕೇಳಿದ್ದೇನೆ. ಭಯವಾಗುತ್ತಿದೆ, ಅಕ್ಕ.

ನೀನು ಮತ್ತೆ ಆ ಕೋಣೆಗೆ ಹೋಗಬೇಡ. ಬೇರೆ ಕೆಲಸ ನೋಡು.

ಗುಬ್ಬಿ

ಜುಲೈ ೨೮

ಗುಬ್ಬಿ,

ಬರೆದದ್ದು ಒಳ್ಳೆಯದಾಯಿತು. ಇನ್ನೂರ ನಲವತ್ತಕ್ಕೆ ಔಷಧಿ ಇದೆ, ಹೇಳದೆ ಇಟ್ಟುಕೊಂಡದ್ದಕ್ಕೆ ಇರಲಿಲ್ಲ. ಬಂದರಿನ ಡಾಕ್ಟರಿಗೆ ಸಕ್ಕರೆ ಒಂದನ್ನೇ ನೋಡಬೇಡಿ, ರಕ್ತ ಎಷ್ಟಿದೆ, ಮೂತ್ರಪಿಂಡ ಹೇಗಿದೆ ನೋಡಿ ಎಂದು ಹೇಳು. ನೀನು ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿ, ನಿನ್ನ ಹಳೆಯ ಬೆನ್ನು ನೋವಿಗೆ ನುಂಗುವುದನ್ನೂ.

ನನ್ನ ರಕ್ತ ಹತ್ತೂವರೆಗೆ ಬಂದಿದೆ. ಕಿವಿ ಮೌನವಾಗಿದೆ. ಮೊದಲ ಕೆಲವು ದಿನ ಆ ಮೌನಕ್ಕೇ ಎಚ್ಚರವಾಗುತ್ತಿತ್ತು.

ನಿನ್ನ ಮಾತು ಮೀರಿದೆ. ಸೋಮವಾರ ಕೆಲಸಕ್ಕೆ ಹೋದೆ. ಮ್ಯಾನೇಜರು ಕೆಳಗಿನ ಮಹಡಿಯಲ್ಲಿ ಜಾಗ ಕೊಡುತ್ತೇನೆ ಎಂದರು, ಮುಂದಿನ ವಾರ ಸಾಮಾನು ಇಳಿಸುತ್ತಾರೆ. ಅದಕ್ಕೆ ಮೊದಲು ಒಂದು ಸಲ ಮೇಲೆ ಕೂರಬೇಕಿತ್ತು ನನಗೆ. ಮಧ್ಯಾಹ್ನ. ಹೊಟ್ಟೆ ತುಂಬ ಉಂಡೆ, ಬೆರಳು ಚುಚ್ಚಿ ನೋಡಿಕೊಂಡೆ, ನೂರ ಮೂವತ್ತಾರು. ಒಂದೇ ಒಂದು ಕಡೆ ನಿಂತು ಹತ್ತಿದೆ. ಬಾಗಿಲನ್ನು ಹಾರುಹೊಡೆದಿಟ್ಟು ಕನ್ನಡಿಯ ಪರದೆ ತೆಗೆದೆ. ಅದರ ಎದುರು ಸ್ಟೂಲು ಹಾಕಿಕೊಂಡು ಕೂತೆ.

ಬಟ್ಟೆಗಳು ನೇತಾಡುತ್ತಿದ್ದವು. ಬಿಸಿಲು ಕಿಟಕಿಯ ಸರಳಿನಿಂದ ಇಳಿದು ನೆಲದ ಮೇಲೆ ನಿಧಾನವಾಗಿ ಸರಿಯಿತು. ಈ ಸಲ ನಡುವೆ ಎಲ್ಲೂ ಕತ್ತರಿ ಬೀಳಲಿಲ್ಲ, ಇಡೀ ಮಧ್ಯಾಹ್ನವನ್ನು ತುದಿಯಿಂದ ತುದಿಗೆ ನೋಡಿದೆ. ಅಷ್ಟು ತಿಂಗಳ ಮಧ್ಯಾಹ್ನಗಳು ಎಲ್ಲಿವೆಯೋ, ನನ್ನ ಹತ್ತಿರವಂತೂ ಇಲ್ಲ. ಅವನ್ನು ಕಂಡವಳು ಯಾರೋ ಅವಳಿಗೇ ಗೊತ್ತು. ಒಂದು ಸಲ ಕರೆಯೋಣವೆನ್ನಿಸಿತು. ಏನೆಂದು ಕರೆಯುವುದು? ನನ್ನ ಹೆಸರನ್ನೇ ಕರೆಯಬೇಕಿತ್ತು. ಕರೆಯಲಿಲ್ಲ.

ಕನ್ನಡಿಗೆ ಹತ್ತಿರ ಬಾಗಿ ಡಾಕ್ಟರಮ್ಮ ಮಾಡಿದಂತೆ ಕೆಳರೆಪ್ಪೆ ಎಳೆದು ನೋಡಿಕೊಂಡೆ. ಒಳಗೆ ತೆಳ್ಳಗೆ ಕೆಂಪು.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ತಡೆದು ತಡೆದು ಹತ್ತಿ ಬಂದು ಬಾಗಿಲ ಹೊರಗೇ ನಿಂತಿತು. ಬಾಗಿಲು ತೆರೆದೇ ಇತ್ತು, ಆದರೂ ಒಳಗೆ ಬರಲಿಲ್ಲ. ನನ್ನ ಕೈ ಸ್ಟೂಲನ್ನು ಹಿಡಿದುಕೊಂಡಿತು.

‘ಅಮ್ಮಾ,’ ಬಾಗಿಲ ಮಾಮನ ದನಿ. ‘ಒಬ್ರೇ ಇದ್ದೀರಾ?’

ನಾನು ಕನ್ನಡಿ ನೋಡಿದೆ. ಬಟ್ಟೆಗಳ ನಡುವೆ ನೋಡಿದೆ. ಮೇಜಿನ ಕೆಳಗೂ ನೋಡಿದೆ, ಮುಚ್ಚಿಡುವುದೇಕೆ.

‘ಒಬ್ಳೇ ಇದೀನಿ ಮಾಮ. ಬಾ ಒಳಗೆ’ ಎಂದೆ.

ಅಕ್ಕ